ಏಸೀಲೋಮೇಟ್ ಎಂದರೆ ‘ಹೊಟ್ಟೆಯಿಲ್ಲದ ಪ್ರಾಣಿ’ ಅಲ್ಲ

ಏಸೀಲೋಮೇಟ್ ಎಂದರೆ ಹೊಟ್ಟೆಯೇ ಇಲ್ಲದ ಪ್ರಾಣಿಗಳು, ಲಾಡಿಹುಳು, ಜಂತುಹುಳು, ಎರೆಹುಳು ಮೂರೂ ಆ ಗುಂಪಿನವು ಎಂಬ ಟಿಪ್ಪಣಿಯೊಂದು ಪರೀಕ್ಷೆಗೆ ಓದುವ ಮಕ್ಕಳ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಏಸೀಲೋಮೇಟ್ ಎಂದರೆ ಸೀಲೋಮ್ ಇಲ್ಲದ ಪ್ರಾಣಿ. ಸೀಲೋಮ್ ಎಂದರೆ ಹೊಟ್ಟೆಯಲ್ಲ. ಕರುಳಿಗೂ ದೇಹದ ಹೊರಗೋಡೆಗೂ ನಡುವೆ ಇರುವ, ದ್ರವ ತುಂಬಿದ ಜಾಗ ಅದು. ಭ್ರೂಣದ ಮಧ್ಯಪದರದಿಂದ ಬಂದ ಪೊರೆ ಅದನ್ನು ಎಲ್ಲ ಕಡೆಯಿಂದ ಆವರಿಸಿರಬೇಕು. ಗ್ರೀಕ್ ಮೂಲದ ಈ ಪದಕ್ಕೆ ಟೊಳ್ಳು ಎಂಬ ಅರ್ಥವಿದೆ. ಲಾಡಿಹುಳು ಸೇರಿದ ಚಪ್ಪಟೆ ಹುಳುಗಳಲ್ಲಿ ಈ ಟೊಳ್ಳು ಇಲ್ಲ, ಹಾಗಾಗಿ ಅವು ಏಸೀಲೋಮೇಟ್‌ಗಳು. ಆ ಜಾಗವನ್ನು ಪೆರೆಂಕೈಮಾ ಎಂಬ ಮೆದು ಅಂಗಾಂಶ ತುಂಬಿಕೊಂಡಿದೆ.

ಹಾಗೆಂದು ಅವಕ್ಕೆ ಕರುಳಿಲ್ಲ ಎನ್ನಬಹುದೇ? ಸಿಹಿನೀರಿನ ಪ್ಲನೇರಿಯಾ ಎಂಬ ಚಪ್ಪಟೆ ಹುಳುವನ್ನು ನೋಡಿ. ಬಾಯಿ ತಲೆಯಲ್ಲಿಲ್ಲ, ದೇಹದ ಕೆಳಭಾಗದ ನಡುವಿನಲ್ಲಿದೆ. ಅಲ್ಲಿಂದ ಗಂಟಲ ಕೊಳವೆಯನ್ನು ಹೊರಚಾಚಿ ಆಹಾರ ಹೀರುತ್ತದೆ. ಕರುಳು ಕೊಂಬೆಗಳಾಗಿ ದೇಹದ ತುಂಬ ಹರಡಿದೆ. ಗುದದ್ವಾರವಿಲ್ಲದ ಕಾರಣ ಉಳಿದ ಕಸವೂ ಬಾಯಿಯಿಂದಲೇ ಹೊರಬೀಳುತ್ತದೆ. ಎಷ್ಟು ಸೊಗಸಾದ ಜೀವಿ! ಕುರಿ, ದನಗಳ ಪಿತ್ತನಾಳದಲ್ಲಿ ನೆಲೆಸುವ ಯಕೃತ್ತಿನ ಹುಳು ಎಂಬ ಚಪ್ಪಟೆ ಹುಳುವಿಗೂ ಕವಲೊಡೆದ ಕರುಳಿದೆ.

ಗೊಂದಲಕ್ಕೆ ಕಾರಣ ಬಹುಶಃ ಲಾಡಿಹುಳು. ಅದಕ್ಕೆ ಕರುಳಿಲ್ಲ ನಿಜ, ಚರ್ಮದ ಮೂಲಕವೇ ಆಹಾರ ಹೀರುತ್ತದೆ. ಆದರೆ ಅದು ಪರಾವಲಂಬಿ ಬದುಕಿಗೆ ಒಗ್ಗಿಕೊಂಡ ಬಗೆ. ಏಸೀಲೋಮೇಟ್ ಎನ್ನಲು ಅದು ಕಾರಣವಲ್ಲ.

ಜಂತುಹುಳುವಿಗೆ ಟೊಳ್ಳು ಇದೆ, ಅದನ್ನು ಆವರಿಸುವ ಪೂರ್ಣ ಪೊರೆಯಿಲ್ಲ, ಅದು ಸ್ಯೂಡೋಸೀಲೋಮೇಟ್, ಅಂದರೆ ಹುಸಿ ಸೀಲೋಮ್ ಇರುವ ಪ್ರಾಣಿ. ಎರೆಹುಳುವಿಗಿರುವುದು ನಿಜವಾದ ಸೀಲೋಮ್. ಟಿಪ್ಪಣಿಯ ಮೂರರಲ್ಲಿ ಲಾಡಿಹುಳು ಒಂದೇ ಸರಿ.