ಎಂಟು ಕಾಲಿನ ಆಂಬುಲೆನ್ಸ್

ಮತ್ತೆ ಆ ಫೋಟೊ ಬಂದಿದೆ. ನೀವೂ ನೋಡಿರುತ್ತೀರಿ. ಒಂದು ಬಿದಿರಿನ ಗಳ, ಅದಕ್ಕೆ ಕಟ್ಟಿದ ಕಂಬಳಿ, ಕಂಬಳಿಯೊಳಗೆ ಒಂದು ಜೀವ. ಕೆಸರಲ್ಲಿ ಕಾಲೂರಿಕೊಂಡು ಹೊತ್ತು ನಡೆಯುವ ನಾಲ್ವರು. ಹಿಂದೆ ಗುಡ್ಡ, ಮಂಜು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮುಂಗಾರು ಶುರುವಾಯಿತು ಅಂತ ಹೇಳಲು ಹವಾಮಾನ ಇಲಾಖೆ ಬೇಕಿಲ್ಲ. ಮೂಡಿಗೆರೆ ಕಡೆಯದ್ದೋ ಕಳಸದ ಕಡೆಯದ್ದೋ ಜೋಳಿಗೆ ಫೋಟೊ ಬಂದರೆ ಸಾಕು. ಪ್ರತಿವರ್ಷ ಒಂದೇ ಫೋಟೊ ಹಾಕುತ್ತಾರೇನೋ ಅಂತ ನನಗೆ ಅನುಮಾನವಿತ್ತು. ಹಳೇ ಪೇಪರ್ ತೆಗೆದು ನೋಡಿದೆ. ಇಲ್ಲ, ಕಂಬಳಿ ಬೇರೆ.

ಎಲ್ಲರೂ ಬೈಯುತ್ತಾರೆ. ನಾನು ಮಾತ್ರ ಈ ವಾಹನವನ್ನು ಹೊಗಳುವವನು. ಡೀಸೆಲ್ ಬೇಡ, ಹೊಗೆ ಇಲ್ಲ. ನಾಲ್ಕು ಜನ, ಎಂಟು ಕಾಲು, ಪಂಕ್ಚರ್ ಆಗುವ ಮಾತೇ ಇಲ್ಲ. ಹೆಚ್ಚೆಂದರೆ ಜಿಗಣೆ ಕಚ್ಚುತ್ತದೆ. 2008ರಲ್ಲಿ ರಾಜ್ಯಕ್ಕೆ 108 ಬಂತು, ನಿಜ. ಆದರೆ ಅದಕ್ಕೆ ಫೋನ್ ಮಾಡಲು ಗುಡ್ಡ ಹತ್ತಿ ಸಿಗ್ನಲ್ ಹುಡುಕಬೇಕು. ಸಿಕ್ಕಿದರೆ ಆ ಕಡೆಯಿಂದ ಪ್ರಶ್ನೆ, "ರಸ್ತೆ ಎಲ್ಲಿವರೆಗೆ ಇದೆ?" ಈ ಕಡೆಯಿಂದ ಉತ್ತರ, "ಮುಗಿಯೋವರೆಗೆ ಇದೆ ಸಾರ್."

ರಸ್ತೆ ಅಂದಾಗ ನೆನಪಾಯಿತು. ಶನಿವಾರ ನಮ್ಮೂರಿಗೆ ಬರುವ ಬೆಂಗಳೂರಿನವರು ದುಡ್ಡು ಕೊಟ್ಟು ಕೆಟ್ಟ ರಸ್ತೆ ಕೊಳ್ಳುತ್ತಾರೆ. ಝರಿ ಫಾಲ್ಸ್‌ಗೆ ಹೋಗುವ ಜೀಪ್ ಹತ್ತಿ ನೋಡಿ. ಸೊಂಟ ಕಳಚಿ ಬೀಳುವಂತೆ ಕುಲುಕಿದಷ್ಟೂ ಅವರಿಗೆ ಖುಷಿ. ಅದರ ಹೆಸರು ಆಫ್ ರೋಡ್. ಗುಂಡಿ ಸ್ವಲ್ಪ ಕಡಿಮೆಯಾದರೆ "ಏನ್ರೀ, ಮಜಾನೇ ಇಲ್ಲ" ಅಂತ ಡ್ರೈವರ್‌ಗೆ ಬೈದವರೂ ಇದ್ದಾರೆ. ಅದೇ ಗುಂಡಿ, ಅದೇ ಕೆಸರು ತುಂಬು ಬಸುರಿಗೆ ಪೂರ್ತಿ ಉಚಿತ. ಗ್ಯಾರಂಟಿಗಳ ಪಟ್ಟಿಗೆ ಇದನ್ನು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ.

ಮುಳ್ಳಯ್ಯನಗಿರಿ 1930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಈಗ ಅಲ್ಲಿಗೆ ಹೋಗಲು ಆನ್‌ಲೈನ್ ಬುಕಿಂಗ್ ಬೇರೆ ಬಂದಿದೆ, ಕಾರುಗಳು ಅಷ್ಟು ಜಾಸ್ತಿ. ಮೋಡದ ಮನೆ ಬಾಗಿಲವರೆಗೆ ಡಾಂಬರು ಹಾಕಿದ ನಮಗೆ ಕಾಡಲ್ಲಿರುವ ಮಲೆಕುಡಿಯ ಆದಿವಾಸಿಗಳ ಹತ್ತು ಮನೆ ಮಾತ್ರ ಬಹಳ ದೂರ. ಅಲ್ಲಿ ಕಾಡು ಅಡ್ಡ ಬರುತ್ತದಂತೆ.

ನನಗೂ ಕಾಡು ಬೇಕು ಮಾರಾಯ್ರೆ, ಇಲ್ಲೇ ಹುಟ್ಟಿದವನು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಸೆಕ್ಷನ್ ಓದಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ ಅಂತ 13 ಸೌಲಭ್ಯಗಳಿಗೆ ಕಾಡಿನ ಜಾಗ ಕೊಡಬಹುದು. ಒಂದೊಂದಕ್ಕೂ ಒಂದು ಹೆಕ್ಟೇರಿನೊಳಗೆ. ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯಬಾರದು. ಗ್ರಾಮಸಭೆ ಶಿಫಾರಸು ಮಾಡಿರಬೇಕು. ಕಾನೂನು ಬರೆದವರಿಗೆ ಕಾಡೂ ಗೊತ್ತಿತ್ತು, ಕಾಯಿಲೆಯೂ ಗೊತ್ತಿತ್ತು. ಗ್ರಾಮಸಭೆಯಿಂದ ಹೊರಟ ಫೈಲು ಮಾತ್ರ ಇನ್ನೂ ಆಫೀಸಿನಿಂದ ಆಫೀಸಿಗೆ ಓಡಾಡುತ್ತಿದೆ. ಅದಕ್ಕೆ ಒಳ್ಳೆಯ ರಸ್ತೆ ಇದೆಯಲ್ಲ.

ಸರಿ, ಕಂಬಳಿ ಹೇಗೋ ಆಸ್ಪತ್ರೆ ಮುಟ್ಟಿತು ಅಂತ ಇಟ್ಟುಕೊಳ್ಳಿ.

ಮೊನ್ನೆ ಹೆಂಡತಿಯ ಮಂಡಿನೋವಿಗೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಗೋಡೆಯ ಮೇಲೆ ರೋಗಿಗಳ ಹಕ್ಕುಗಳ ಬೋರ್ಡು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮಾಡಿದ ಪಟ್ಟಿ, ಒಟ್ಟು 17 ಹಕ್ಕು. ಬೋರ್ಡಿನ ಮುಂದೆ ಒಂದು ಕಬ್ಬಿಣದ ಬೀರು. ಆರನೆಯದರವರೆಗೆ ಓದಬಹುದು. ಉಳಿದ 11 ಹಕ್ಕುಗಳು ಬೀರುವಿನ ಹಿಂದೆ ಭದ್ರವಾಗಿವೆ. ಭೇದಭಾವ ಮಾಡಬಾರದು ಅನ್ನುವುದು ಎಂಟನೆಯದು. ದೂರು ಕೊಡುವ ಹಕ್ಕು 17ನೆಯದು, ಅದು ಬೀರುವಿನ ಕಾಲ ಬುಡದಲ್ಲಿ. ಯಾರಿಗಾದರೂ ದೂರು ಕೊಡಬೇಕಾದರೆ ಮೊದಲು ಬೀರು ಸರಿಸಬೇಕು.

ಸಾಲಿನಲ್ಲಿ ನನ್ನ ಮುಂದೆ ಯಾವುದೋ ಎಸ್ಟೇಟಿನ ಲೈನ್ ಮನೆಯ ಅಜ್ಜಿ. ಚೀಟಿಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಂತೆ. ಅಜ್ಜಿ ಹತ್ತಿರ ಫೋನಿಲ್ಲ.

"ಆಧಾರ್ ಎಲ್ಲಿ?"

"ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಹತ್ರ ಇದೆ ಸಾಮಿ."

"ಹಾಗಾದ್ರೆ ರೈಟರನ್ನೇ ಕರ್ಕೊಂಡು ಬಾ, ಹೋಗು."

ಕೆಮ್ಮು ಅಜ್ಜಿಗೆ, ಹಾಜರಿ ರೈಟರದ್ದು. ನನ್ನ ಸರದಿ ಬಂತು. ಅದೇ ಬಾಯಿ "ಹೇಳಿ ಸರ್" ಅಂದಿತು. ಆಧಾರ್ ನಾನೂ ಮನೆಯಲ್ಲೇ ಮರೆತಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ಸಾಕಾಯಿತು. ಚೀಟಿ ಇಸ್ಕೊಂಡು ತಿರುಗಿ ನೋಡುವಾಗ ಅಜ್ಜಿ ಇರಲಿಲ್ಲ. ಹುಡುಕಲು ನಾನೂ ಹೋಗಲಿಲ್ಲ. ಮಂಡಿನೋವು ಕಾಯುತ್ತಿತ್ತು.

ತಮಾಷೆ ಮಾಡುತ್ತಾ ಇಲ್ಲಿವರೆಗೆ ಬಂದೆ. ಇನ್ನು ಆಗುತ್ತಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಒಬ್ಬ ಬಡ ಬಸುರಿಯನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ಆಸ್ಪತ್ರೆಯಿಂದ ವಾಪಸ್ ಕಳಿಸಿದರು. ಮನೆಯಲ್ಲೇ ಹೆರಿಗೆಯಾಯಿತು. ಅವಳೂ ಸತ್ತಳು, ಅವಳಿ ಮಕ್ಕಳೂ ಸತ್ತವು. ಸಿಬ್ಬಂದಿಯನ್ನು ಅಮಾನತು ಮಾಡಿದರು. ಆಮೇಲೆ ನಾವೆಲ್ಲ ಮರೆತೆವು. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿದ್ದರೆ ಅದು ಬದುಕುವ ಹಕ್ಕನ್ನೇ ಕಿತ್ತುಕೊಂಡ ಹಾಗೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ದುಡ್ಡಿಲ್ಲ ಅಂತ ಸರ್ಕಾರ ನೆಪ ಹೇಳುವ ಹಾಗಿಲ್ಲ ಅಂತಲೂ ಹೇಳಿತ್ತು. ಇಪ್ಪತ್ತಾರು ವರ್ಷ. ಆ ತೀರ್ಪು ತುಮಕೂರಿನ ಆ ಬಾಗಿಲಿಗೆ ಬಂದು ತಲುಪಲು ಅಷ್ಟು ಸಾಲಲಿಲ್ಲ. ನೋವು ತಿನ್ನುತ್ತಿರುವ ಹೆಂಗಸಿನ ಹತ್ತಿರ ಕಾರ್ಡ್ ಕೇಳಲು ಬಾಯಾದರೂ ಹೇಗೆ ಬರುತ್ತದೆ?

ಇರಲಿ. ಈ ಸಲದ ಫೋಟೊ ಕೆಳಗೆ ಎಂದಿನ ಸಾಲುಗಳೇ ಇವೆ. ಅಧಿಕಾರಿಗಳು ಪರಿಶೀಲಿಸುತ್ತಾರಂತೆ, ಮಳೆ ನಿಂತ ಮೇಲೆ ಹಳ್ಳ ದಾಟಲು ಕಾಲುಸಂಕ ಆಗುತ್ತದಂತೆ. ಕಂಬಳಿಯೊಳಗಿದ್ದವಳು ಏನಾದಳು ಅಂತ ಎಲ್ಲೂ ಬರೆದಿಲ್ಲ. ಹೋಂಸ್ಟೇ ನಡೆಸುವ ಗೆಳೆಯನಿಗೆ ಪೇಪರ್ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದ.

"ಇದು ಯಾವ ಜಾಗ ಮಾರಾಯ? ಮಂಜು ಒಳ್ಳೆ ಬಿದ್ದಿದೆ."