ನನಗೊಂದು ಡೌಟು

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದು ಎರಡನೇ ವಾರ. ಆಫೀಸಿನ ಮೀಟಿಂಗಲ್ಲಿ ಒಬ್ಬಾಕೆ ತನ್ನ ಪ್ಲಾನ್ ವಿವರಿಸಿ ಮುಗಿಸಿದಳು. ನಾನು ಕೈ ಎತ್ತಿ "ಐ ಹ್ಯಾವ್ ಎ ಡೌಟ್" ಅಂದೆ. ಆಕೆಯ ಮುಖ ಸಪ್ಪಗಾಯಿತು. ಒಂದು ಅಂಕಿ ಎಲ್ಲಿಂದ ಬಂತು ಅಂತ ಕೇಳೋದಿತ್ತು, ಅಷ್ಟೇ. ಆಮೇಲೆ ಕಾಫಿ ಮಷೀನ್ ಹತ್ತಿರ ಸಿಕ್ಕಿ, ನನ್ನ ಪ್ಲಾನ್ ಮೇಲೆ ನಿಮಗೆ ಯಾಕೆ ನಂಬಿಕೆ ಇಲ್ಲ ಅಂತ ಕೇಳಿದಳು! ಇಲ್ಲಿನವರಿಗೆ ಡೌಟ್ ಅಂದರೆ ಅಪನಂಬಿಕೆ. ಸುಮ್ನೆ ತಿಳ್ಕೊಳ್ಳೋಕೆ ಕೇಳೋದು ಕ್ವೆಶ್ಚನ್ ಅಂತೆ.

ನಮ್ಮೂರ ಹೈಸ್ಕೂಲಲ್ಲಿ ಇದನ್ನು ಯಾರು ಹೇಳಿಕೊಟ್ಟರು? ಬೋರ್ಡಿನ ಎಡಗಡೆ ಡೌಟ್, ನಡುವೆ ಈಕ್ವಲ್ ಟು, ಬಲಗಡೆ ಅನುಮಾನ. ಹತ್ತು ಸಲ ಬರೀರಿ. ಸ್ಪೆಲ್ಲಿಂಗಲ್ಲಿ ಬಿ ಬಿಟ್ಟರೆ ಗೆಣ್ಣಿನ ಮೇಲೆ ಸ್ಕೇಲಿನ ಏಟು. ಆ ಬಿ ಅಲ್ಲಿ ಯಾಕಿದೆ ಅಂತ ತಿಳಿದದ್ದು ಇತ್ತೀಚೆಗೆ. ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಇದರ ಮೂಲ ಲ್ಯಾಟಿನ್ನು ಅಂತ ತೋರಿಸೋಕೆ ಆಮೇಲಿನ ಪಂಡಿತರು ತುರುಕಿದ್ದು. ಬಾಯಲ್ಲಿ ಅದು ಯಾವತ್ತೂ ಬರಲಿಲ್ಲ. ಅವರ ಗೀಳಿಗೆ ಊದಿಕೊಂಡದ್ದು ನನ್ನ ಬೆರಳು.

ಪಾಠ ಮುಗಿದ ಮೇಲೆ ಮೇಷ್ಟ್ರು "ಎನಿ ಡೌಟ್ಸ್?" ಅನ್ನೋರು. ನಾವೆಲ್ಲ ಒಟ್ಟಿಗೆ "ನೋ ಸಾರ್". ಆ ಪದದ ಬಳಕೆ ಅಂತ ನಾವು ಕಲಿತದ್ದು ಅಷ್ಟೇ.

ಇಲ್ಲಿ ಮಗಳ ಸ್ಕೂಲೇ ಬೇರೆ. ವಾರಕ್ಕೆ ನಾಲ್ಕೈದು ಪದ. ಒಂದೊಂದನ್ನೂ ಯಾರು ಯಾರಿಗೆ ಯಾವಾಗ ಹೇಳ್ತಾರೆ ಅಂತ ಮಾತಾಡಿಸಿ, ಆಡಿಸಿ ಕಲಿಸ್ತಾರೆ. "ಅಪ್ಪಾ, ಐ ಡೌಟ್ ಇಟ್ ಅಂದ್ರೆ ಆಗಲ್ಲ ಬಿಡು ಅಂತ" ಅಂದಳು ಒಂದಿನ. ಅರೆ, ನಾವೂ 'ಅವನು ಬರೋದು ಡೌಟು' ಅಂತೀವಲ್ಲ! ಬಾಯಿಗೆ ಗೊತ್ತಿದ್ದದ್ದು ನೋಟ್‌ಬುಕ್ಕಿಗೆ ಗೊತ್ತಿರಲಿಲ್ಲ. ಮೀನಿಂಗ್ ಉರು ಹೊಡೆಸಿ ಮಾರ್ಕು ಕೊಟ್ಟು ಕಳಿಸುವ ನಮ್ಮ ಪದ್ಧತಿ ಮೇಲೆ ಆವತ್ತು ಸಿಟ್ಟು ಜಾಸ್ತಿಯೇ ಬಂತು. ಊರಿಗೆ ಫೋನ್ ಮಾಡಿ ಅಣ್ಣನಿಗೆ ಅರ್ಧ ಗಂಟೆ ಕೊರೆದೆ ಕೂಡ.

ಅದೇ ಶನಿವಾರ ಹಿತ್ತಲಲ್ಲಿ ಬೆಡ್‌ಶೀಟ್ ಒಣಹಾಕ್ತಿದ್ದೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಆಕಾಶ ನೋಡಿ "ಐ ಡೌಟ್ ಇಟ್ಲ್ ರೇನ್" ಅಂದರು. ಮಗಳ ಪಾಠ ನೆನಪಾಯಿತು. ಮಳೆ ಬರಲ್ಲ ಬಿಡು ಅಂತ ಇನ್ನೂ ಎರಡು ಬೆಡ್‌ಶೀಟ್ ತಂದು ಹರವಿದೆ. ಅಜ್ಜಿ ನೋಡಿದರೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ತಮ್ಮ ಬಟ್ಟೆ ಎಲ್ಲ ತೆಗೀತಿದ್ದಾರೆ. ಹತ್ತೇ ನಿಮಿಷ, ಸುರೀತು ನೋಡಿ!

ಸ್ಕಾಟ್ಲೆಂಡಿನ ಹಳಬರು ಐ ಡೌಟ್ ಅಂದರೆ 'ಹಾಗೇ ಆಗುತ್ತೇನೋ' ಅಂತ ಅರ್ಥವಂತೆ. ಅಂಗಳದಲ್ಲಿ ಸಂಡಿಗೆ ಇಟ್ಟುಕೊಂಡು ನಮ್ಮಜ್ಜಿ "ಯಾಕೋ ಮಳೆ ಬರೋ ಅನುಮಾನ ಕಣೋ, ಎತ್ತಿಡು" ಅನ್ನೋರಲ್ಲ, ಥೇಟ್ ಅದೇ. ಮೇಷ್ಟ್ರು ಬೋರ್ಡಿನ ಬಲಗಡೆ ಬರೆದದ್ದೂ ಅದೇ ಪದ. ಅವರ ಈಕ್ವಲ್ ಟು ನಂಬಿದ್ದರೆ ನನ್ನ ಬೆಡ್‌ಶೀಟ್ ಒಣಗಿದ್ದೇ ಒಳಗೆ ಬರುತ್ತಿತ್ತು. ಒಪ್ಪಿಕೊಂಡೆ ಸಾರ್.

ಸ್ಕೇಲಿನ ಏಟು ಮಾತ್ರ ಒಪ್ಪಲ್ಲ.