ತೋಟ ಹೋದರೆ ಹೆಸರೂ ಹೋಗುತ್ತೆ

"ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ಗೆ ಹೆಂಗಸರು ಬರೋದು ಸಹಜ ಬಿಡಿ, ಅವರಿಗೆ ಹೂವು ಅಂದ್ರೆ ಆಸೆ ಅಲ್ವಾ" ಅಂತ ಮೊನ್ನೆ ಒಬ್ಬರು ಹೇಳಿದರು. ತೋಟ, ಪಾರ್ಕು, ಕಟ್ಟಡದ ಸುತ್ತಲಿನ ನೆಲ, ಇವನ್ನೆಲ್ಲ ರೂಪಿಸುವ ಕಸುಬು ಅದು. ಹೊಗಳೋಣ ಅಂತಲೇ ಹೇಳಿದ್ದು, ಪಾಪ. ನನಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ.

1899ರಲ್ಲಿ ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ ಶುರುವಾಯಿತು. ಸ್ಥಾಪಕರು 11 ಜನ. ಅವರಲ್ಲಿ ಹೆಂಗಸು ಒಬ್ಬರೇ, ಬಿಯಾಟ್ರಿಕ್ಸ್ ಫ್ಯಾರಂಡ್. ಆ ಕಾಲದಲ್ಲಿ ದೊಡ್ಡ ಪಾರ್ಕು, ಸರ್ಕಾರಿ ಕೆಲಸ ಎಲ್ಲ ಹೆಚ್ಚಾಗಿ ಗಂಡಸರ ಪಾಲಿಗೇ ಹೋಗುತ್ತಿತ್ತು. ಹೆಂಗಸರಿಗೆ ಉಳಿದದ್ದು ಶ್ರೀಮಂತರ ಮನೆ ತೋಟ. ಕೊನೆಗೆ "ನೋಡಿ, ಅವರಿಗೆ ಮನೆ ತೋಟವೇ ಇಷ್ಟ" ಅಂದುಬಿಟ್ಟರು!

ಓದೋಣ ಅಂದರೆ ಹಾರ್ವರ್ಡ್ ಸೇರಿಸಿಕೊಳ್ಳುತ್ತಿರಲಿಲ್ಲ. 1915ರಲ್ಲಿ ಕಲಿಯಬೇಕು ಅಂತ ಬಂದ ಒಬ್ಬ ಹುಡುಗಿಗೆ ಅಲ್ಲಿನ ಮೇಷ್ಟ್ರು ಹೆನ್ರಿ ಫ್ರಾಸ್ಟ್ ತಮ್ಮ ಆಫೀಸಿನಲ್ಲೇ ಡ್ರಾಯಿಂಗ್ ಹೇಳಿಕೊಟ್ಟರು. ಅದೇ ಬೆಳೆದು ಹೆಂಗಸರದ್ದೇ ಒಂದು ಕೇಂಬ್ರಿಡ್ಜ್ ಸ್ಕೂಲ್ ಆಯಿತು. 1942ರಲ್ಲಿ ಹುಡುಗರು ಯುದ್ಧಕ್ಕೆ ಹೋಗಿ ಕ್ಲಾಸು ಖಾಲಿಯಾದಾಗ ಹಾರ್ವರ್ಡ್‌ಗೆ ಹುಡುಗಿಯರು ನೆನಪಾದರು. ಸ್ಕೂಲು ಆ ವರ್ಷವೇ ಮುಚ್ಚಿತು.

ಇನ್ನು ಇಂಗ್ಲೆಂಡಿನ ಸಿಲ್ವಿಯಾ ಕ್ರೋ. ಅವರಿಗೆ ದೊಡ್ಡ ಕೆಲಸ ಸಿಕ್ಕಿತು, ವೇಲ್ಸ್‌ನ ಅಣುವಿದ್ಯುತ್ ಸ್ಥಾವರದ ಸುತ್ತಲಿನ ನೆಲವನ್ನು ರೂಪಿಸಿದರು. ಹೂವಿನ ಆಸೆಯಂತೆ ಹೂವಿನ ಆಸೆ!

ನನ್ನ ತಕರಾರು ಇರೋದು ಇಲ್ಲಿ. ಕಟ್ಟಡ ಸುಮ್ನೆ ಬಿಟ್ಟರೂ ನಾಲ್ಕು ಕಾಲ ನಿಲ್ಲುತ್ತೆ. ಹೂಪಾತಿಯನ್ನು ಎರಡು ವರ್ಷ ಬಿಟ್ಟು ನೋಡಿ, ಅದನ್ನು ಯಾರು ಮಾಡಿದ್ದು ಅಂತ ಕೇಳುವವರೇ ಇರೋದಿಲ್ಲ. ನವದೆಹಲಿ ಕಟ್ಟಿದ ಲುಟಿಯನ್ಸ್ ಹೆಸರು ಎಲ್ಲರಿಗೂ ಗೊತ್ತು. ಅವರು ಕಟ್ಟಿದ ಎಷ್ಟೋ ಮನೆಗಳಿಗೆ ತೋಟ ಮಾಡಿಕೊಟ್ಟ ಗರ್ಟ್ರೂಡ್ ಜೀಕಿಲ್? ಕಣ್ಣು ಮಂಜಾಗಿದ್ದರೂ ಬಣ್ಣಕ್ಕೆ ಬಣ್ಣ ಹೊಂದಿಸಿ ನೂರಾರು ತೋಟ ಮಾಡಿದ ಹೆಂಗಸು. 1920ರಲ್ಲಿ ವಿಲಿಯಂ ನಿಕೋಲ್ಸನ್ ಅನ್ನೋ ಚಿತ್ರಕಾರರು ಜೀಕಿಲ್ ಅವರ ಸವೆದ ಬೂಟುಗಳದ್ದೇ ಒಂದು ಚಿತ್ರ ಬರೆದರು. ಆ ಚಿತ್ರ ಈಗಲೂ ಇದೆ. ತೋಟಗಳಲ್ಲಿ ಎಷ್ಟೋ ಇಲ್ಲ.

ಫ್ಯಾರಂಡ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ತೋಟಕ್ಕೆ ಅವರು ಒಂದು ಪುಸ್ತಕವನ್ನೇ ಬರೆದಿಟ್ಟರು: ಯಾವ ಗಿಡ ಎಲ್ಲಿರಬೇಕು, ಹೇಗೆ ಸವರಬೇಕು, ಸತ್ತರೆ ಅಲ್ಲಿ ಏನು ನೆಡಬೇಕು. ಮುಂದೆ ಬರುವ ಮಾಲಿಗೆ ಬರೆದ ಕಾಗದದ ಹಾಗಿದೆ ಅದು.

ತಮ್ಮ ಸ್ವಂತ ತೋಟವನ್ನು ಮಾತ್ರ ಉಳಿಸಿಕೊಳ್ಳಲು ಆಗಲಿಲ್ಲ. ಮೇನ್ ರಾಜ್ಯದ ರೀಫ್ ಪಾಯಿಂಟ್ ಅದು. ಕಲಿಯುವವರಿಗೆ ಬಿಟ್ಟುಹೋಗಬೇಕು ಅಂತ ಆಸೆಪಟ್ಟಿದ್ದರು. ತೆರಿಗೆ ವಿನಾಯಿತಿ ಸಿಗಲಿಲ್ಲ. ತಾವು ಹೋದಮೇಲೆ ಯಾರೂ ಸರಿಯಾಗಿ ನೋಡಿಕೊಳ್ಳುವುದಿಲ್ಲ ಅನ್ನಿಸಿತು. 1955ರಲ್ಲಿ, 80 ದಾಟಿದ ಮೇಲೆ, ಇದ್ದದ್ದನ್ನೆಲ್ಲ ಬಿಚ್ಚಿಸಿಬಿಟ್ಟರು. ಪುಸ್ತಕ, ನಕ್ಷೆ ಎಲ್ಲ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಹೋದವು. ಅದರಲ್ಲಿ ಜೀಕಿಲ್ ಅವರ ತೋಟದ ನಕ್ಷೆಗಳೂ ಇದ್ದವು. ಚೆದುರಿಹೋಗಬಾರದು ಅಂತ ಫ್ಯಾರಂಡ್ ಮೊದಲೇ ಕೊಂಡು ಇಟ್ಟುಕೊಂಡಿದ್ದರು.

ಗಿಡಗಳನ್ನು ಬೇರುಸಮೇತ ಕಿತ್ತು ಪಕ್ಕದ ಊರಿಗೆ ಸಾಗಿಸಿದರು. ಅಲ್ಲಿನ ಅಸ್ಟಿಕು ತೋಟದಲ್ಲಿ ಫ್ಯಾರಂಡ್ ಅವರ ಅಜೇಲಿಯಾ ಹೂಗಿಡಗಳನ್ನು ಈಗಲೂ ನೋಡಬಹುದು.